ಎಂಟನೇ ಮಹಡಿಯ ಒಗ್ಗರಣೆ

ಕಸ್ತೂರಿಯ ಸಮಾಧಾನ ಕಂಡರೆ ನನಗೆ ಮೈ ಉರಿಯುತ್ತಿತ್ತು. ಬ್ರಿಸ್ಬೇನಿನ ಫೋರ್ಟಿಟ್ಯೂಡ್ ವ್ಯಾಲಿಯಲ್ಲಿ ನಮ್ಮಿಬ್ಬರದೂ ಒಂದೇ ಆಫೀಸು. ರೈಲು ಸ್ವಲ್ಪ ತಡವಾದರೆ ಸಾಕು, ನಾನು ಪ್ಲಾಟ್‌ಫಾರ್ಮಿನ ಉದ್ದಕ್ಕೂ ಕಾಲು ಸುಟ್ಟ ಬೆಕ್ಕಿನ ಹಾಗೆ ಓಡಾಡುವವಳು. ಅವಳೋ, ಸರ್ವರ್ ಕೈಕೊಟ್ಟು ಮ್ಯಾನೇಜರ್ ಕೂಗಾಡುತ್ತಿದ್ದರೂ ಟೀ ಕುಡಿದು ಮುಗಿಸಿಯೇ ಏಳುತ್ತಾಳೆ. ಇದು ಸಮಾಧಾನವಲ್ಲ, ಬರೀ ಮೊಂಡುತನ ಎಂದೇ ನಾನು ತಿಳಿದಿದ್ದೆ.

ಮೊನ್ನೆ ಭಾನುವಾರ ಊಟಕ್ಕೆ ಕರೆದಿದ್ದಳು. ಎಂಟನೇ ಮಹಡಿಯ ಫ್ಲ್ಯಾಟು. ಅವಳ ತಾಯಿ ವಿಶಾಲಾಕ್ಷಮ್ಮ ಮೈಸೂರಿನಿಂದ ಬಂದಿದ್ದರು. ಅವರಿಗೆ ಉಬ್ಬಸ. ಕಸ್ತೂರಿ ಸಾರಿಗೆ ಒಗ್ಗರಣೆ ಹಾಕುವಾಗ ಎಣ್ಣೆ ವಿಪರೀತ ಕಾದು ಒಣಮೆಣಸಿನಕಾಯಿ ಸೀದುಹೋಯಿತು. ಘಾಟಿಗೆ ಎಲ್ಲರೂ ಕೆಮ್ಮತೊಡಗಿದೆವು. ಊರಲ್ಲಿ ಯಾರಾದರೂ ಮಾಡುವುದನ್ನೇ ಅವಳ ಗಂಡ ರಮಾಕಾಂತ್ ಮಾಡಿದರು, ಓಡಿಹೋಗಿ ಮುಂಬಾಗಿಲು ತೆರೆದರು. ಇಂಥ ಕಟ್ಟಡಗಳಲ್ಲಿ ಬಾಲ್ಕನಿ ಬಾಗಿಲು ತೆರೆಯಬೇಕು, ಮುಂಬಾಗಿಲನ್ನು ಮಾತ್ರ ಮುಟ್ಟಬಾರದು. ಹೊಗೆ ಕಾರಿಡಾರಿಗೆ ನುಗ್ಗಿ ಅಲ್ಲಿನ ಸ್ಮೋಕ್ ಅಲಾರಮ್ಮಿಗೆ ತಾಗಿತು. ಇಡೀ ಕಟ್ಟಡದ ಸೈರನ್ ಒಟ್ಟಿಗೇ ಅರಚಿಕೊಂಡಿತು, ಲಿಫ್ಟುಗಳು ನಿಂತವು, ಎಲ್ಲರೂ ಮೆಟ್ಟಿಲಿಳಿದು ಹೊರಗೆ ಹೋಗಿ ಎಂದು ಸ್ಪೀಕರ್ ಮತ್ತೆ ಮತ್ತೆ ಹೇಳತೊಡಗಿತು.

ನಾನು ರಮಾಕಾಂತರಿಗೆ ಬಾಯಿಗೆ ಬಂದಂತೆ ಬೈದೆ. ಅವರು ಪಾಸ್‌ಪೋರ್ಟುಗಳ ಚೀಲವನ್ನು ಎದೆಗವಚಿಕೊಂಡು ನಿಂತಿದ್ದರು. ಕಸ್ತೂರಿ ಒಲೆ ಆರಿಸಿ, ಇನ್ಹೇಲರ್ ತೆಗೆದುಕೊಂಡು, ತಾಯಿಯ ಕೈ ಹಿಡಿದು ಹೊರಟಳು.

ಐದನೇ ಮಹಡಿಯ ತಿರುವಿನಲ್ಲಿ ವಿಶಾಲಾಕ್ಷಮ್ಮ ಕುಸಿದು ಕುಳಿತರು. ಉಸಿರು ಸಿಳ್ಳೆ ಹಾಕುತ್ತಿತ್ತು. ಇನ್ಹೇಲರ್ ಬಾಯಿಗಿಟ್ಟರೆ ಗಾಬರಿಗೆ ಎಳೆದುಕೊಳ್ಳಲಾಗದೆ ಕೆಮ್ಮಿಬಿಟ್ಟರು. ತುಟಿ ಕಪ್ಪಿಡುತ್ತಿತ್ತು. ಪಕ್ಕದಲ್ಲಿ ಜನ ದಡದಡ ಇಳಿಯುತ್ತಿದ್ದರು, ತಲೆಯ ಮೇಲೆ ಸೈರನ್. ಈಯಮ್ಮ ನಮ್ಮ ಕಣ್ಣೆದುರೇ ಹೋಗಿಬಿಡುತ್ತಾರೆ ಎಂದುಕೊಂಡೆ. ಫೋನ್ ತೆಗೆದರೆ ಸಿಗ್ನಲ್ ಇಲ್ಲ. ಅಳುವೇ ಬಂತು.

ಕಸ್ತೂರಿ ಗಂಡನಿಗೆ ಕೆಳಗೆ ಹೋಗಿ, ಸೈರನ್ನಿಗೆ ತಾವಾಗಿಯೇ ಬರುವ ಫೈರ್‌ನವರನ್ನು ಕರೆತರಲು ಹೇಳಿದಳು. ಆಮೇಲೆ ತಾಯಿಯ ಎದುರು, ಮೆಟ್ಟಿಲ ಮೇಲೆ, ಅಡುಗೆಮನೆಯಲ್ಲಿ ಕೂತಂತೆ ಕೂತಳು.

"ಅಮ್ಮ, ಸಾರಿಗೆ ಉಪ್ಪು ಹಾಕಿದ್ನಾ? ನೆನಪೇ ಆಗ್ತಿಲ್ಲ."

ಇದೇನು ಕೇಳುವ ಹೊತ್ತೇ ಎಂದು ನನಗೆ ರೇಗಿತು. ವಿಶಾಲಾಕ್ಷಮ್ಮ ಮಗಳನ್ನು ನೋಡಿದರು. ನೋಡಿ, ಇಲ್ಲವೆಂದು ತಲೆಯಾಡಿಸಿದರು.

"ಸರಿ, ಮೇಲೆ ಹೋದ್ಮೇಲೆ ಹಾಕ್ತೀನಿ. ಈಗ ಮೆಲ್ಲಗೆ ಎಳ್ಕೊ."

ಈ ಸಲ ಮದ್ದು ಒಳಗೆ ಹೋಯಿತು. ಇನ್ನೊಂದು ಸಲವೂ ಹೋಯಿತು. ಫೈರ್‌ನವರು ಆಕ್ಸಿಜನ್ ಹೊತ್ತು ಹತ್ತಿ ಬರುವಷ್ಟರಲ್ಲಿ ಸಿಳ್ಳೆ ತಗ್ಗಿತ್ತು.

ಎಲ್ಲ ಮುಗಿದು, ಅಂಬುಲೆನ್ಸಿನವರೂ ಪರೀಕ್ಷಿಸಿ ಭಯವಿಲ್ಲ ಎಂದ ಮೇಲೆ, ಊಟಕ್ಕೆ ಕೂತೆವು. ಕಸ್ತೂರಿ ಮರೆಯದೆ ಉಪ್ಪು ಹಾಕಿ ಬಡಿಸಿದಳು. ಮೊದಲ ತುತ್ತಿಗೇ ನನ್ನ ಮುಖ ಕಿವುಚಿತು, ಸಾರು ಉಪ್ಪೋ ಉಪ್ಪು. ಮರ್ಯಾದೆಗೆ ನುಂಗಿಕೊಂಡು, ನಿಮ್ಮ ಮಗಳದು ಕಲ್ಲೆದೆ, ಒಂದಿಷ್ಟೂ ಅಲುಗಾಡಲಿಲ್ಲ ಎಂದು ವಿಶಾಲಾಕ್ಷಮ್ಮನಿಗೆ ಹೇಳಿದೆ.

"ಕಲ್ಲೂ ಇಲ್ಲ, ಏನೂ ಇಲ್ಲಮ್ಮ," ಎಂದರು ಅವರು. "ನನ್ನ ಕೈ ಹಿಡ್ಕೊಂಡಿದ್ಲಲ್ಲ, ಅವಳ ಕೈ ಗಡಗಡ ನಡುಗ್ತಿತ್ತು. ಉಪ್ಪು ನಾನೇ ಬೆಳಿಗ್ಗೆ ಹಾಕಿದ್ದೆ. ಮಗು ಹೆದರ್ಕೊಂಡಿದೆ, ಮೇಲೆ ಹೋಗಿ ಮಾಡೋ ಕೆಲಸ ಒಂದಿದೆ ಅಂತಾದ್ರೂ ಧೈರ್ಯ ತಗೊಳ್ಲಿ ಅಂತ ಇಲ್ಲ ಅಂದೆ."

ಕಸ್ತೂರಿ ಸೌಟು ಕೆಳಗಿಟ್ಟು, ತಾಯಿಯ ಪಕ್ಕ ಕೂತು, ಗೊಳೋ ಎಂದು ಅತ್ತಳು. ಆ ಸಾರನ್ನು ನಾವು ಯಾರೂ ಚೆಲ್ಲಲಿಲ್ಲ.