ಘಟ್ಟ ಹತ್ತಿದ ಕ್ವಾಲಿಸ್

ಮೂಡಲಗಿಯ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ವಿಠ್ಠಲ ಕಾಂಬಳೆಗೆ ಗಾಡಿಗಳೆಂದರೆ ಹುಚ್ಚು. ಬರುತ್ತಿರುವುದು ಯಾವ ಗಾಡಿ, ಯಾವ ಗೇರಿನಲ್ಲಿದೆ ಎಂದು ಕಣ್ಣುಮುಚ್ಚಿ ಹೇಳಬಲ್ಲ. ಸ್ವಂತಕ್ಕಿದ್ದದ್ದು ಮಾತ್ರ ಒಂದು ಮೋಟರ್‌ಸೈಕಲ್. ಭಾನುವಾರ ಅದನ್ನೇರಿ ಹತ್ತರಗಿಗೆ, ಹೆದ್ದಾರಿ ಬದಿಯ ದಾದೇಸಾಬರ ಗ್ಯಾರೇಜಿಗೆ ಹೋಗುತ್ತಿದ್ದ. ದಾದೇಸಾಬರು ಇಪ್ಪತ್ತು ವರ್ಷ ಹಳೆಯ ಕ್ವಾಲಿಸ್ ಒಂದನ್ನು ಗುಜರಿಯಿಂದ ತಂದು, ಮೂರು ವರ್ಷ ದುಡಿದು, ಹೊಸದರಂತೆ ಮಾಡಿದ್ದರು. ಅದರ ಅರ್ಧ ಬೋಲ್ಟುಗಳನ್ನು ಬಿಗಿದವನು ವಿಠ್ಠಲನೇ.

ವಿಠ್ಠಲನ ತಾಯಿ ಪದ್ಮವ್ವ ನಾಗನೂರಿನ ಹೊಲಗಳಲ್ಲಿ ಕಳೆ ಕಿತ್ತು ಮಗನನ್ನು ಓದಿಸಿದವಳು. ಬುದ್ಧ ಹುಟ್ಟಿದ ಲುಂಬಿನಿಯನ್ನು ಬುದ್ಧ ಹುಣ್ಣಿಮೆಯ ದಿನ ನೋಡಬೇಕೆಂಬುದು ಅವಳ ಆಸೆ. ಎರಡು ವರ್ಷದ ಹಿಂದೆ, ಬೇಸಿಗೆ ರಜೆಯಲ್ಲಿ, ದಾದೇಸಾಬರು ತಾವಾಗಿಯೇ ಕೀಲಿ ಕೊಟ್ಟರು. ನೇಪಾಳದ ಗಡಿಯಲ್ಲಿ ತೋರಿಸಲು ಒಪ್ಪಿಗೆ ಪತ್ರವನ್ನೂ ಬರೆದರು.

"ಸಪಾಟ ರಸ್ತಾದಾಗ ಎಲ್ಲಿ ಬೇಕಾದ್ರೂ ಒಯ್ರಿ ಮಾಸ್ತರ್ರ. ಘಟ್ಟ ಮಾತ್ರ ಹತ್ತಿಸಬ್ಯಾಡ್ರಿ."

"ನನಗ ಗೊತ್ತಿಲ್ಲೇನ್ರಿ ಕಾಕಾ?" ಎಂದ ವಿಠ್ಠಲ.

ವಿಠ್ಠಲ, ಅವನ ಹೆಂಡತಿ, ಪದ್ಮವ್ವ ಮೂವರೂ ಹೊರಟು, ನಾಲ್ಕು ದಿನ ಓಡಿಸಿ, ಸುನೌಲಿ ಗಡಿಯಲ್ಲಿ ಗಾಡಿಗೆ ಮೂರು ದಿನದ ಪರವಾನಗಿ ಪಡೆದು, ಹುಣ್ಣಿಮೆಯ ಹಿಂದಿನ ದಿನ ಬೆಳಿಗ್ಗೆ ನೇಪಾಳ ಹೊಕ್ಕರು. ಲುಂಬಿನಿ ಅಲ್ಲಿಂದ ಒಂದು ತಾಸಿನ ದಾರಿ. ಆದರೆ ಉತ್ತರಕ್ಕೆ ಬೆಟ್ಟಗಳಿದ್ದವು. ಅವುಗಳ ನಡುವೆ ಸುತ್ತಿ ಸುತ್ತಿ ಏರುವ ರಸ್ತೆಯನ್ನು ವಿಠ್ಠಲ ಎಷ್ಟೋ ವಿಡಿಯೋಗಳಲ್ಲಿ ನೋಡಿದ್ದ.

"ಮೊದ್ಲ ಅತ್ತಿಯವ್ರಿಗೆ ಲುಂಬಿನಿ ತೋರಿಸ್ರಿ," ಎಂದಳು ಹೆಂಡತಿ ದೀಪಾ.

"ಸಂಜೀಕ ತಿರುಗಿ ಬರೋಣು," ಎಂದು ಅವನು ಗಾಡಿಯನ್ನು ಬೆಟ್ಟದ ಕಡೆ ತಿರುಗಿಸಿದ.

ರಸ್ತೆ ಅಗಲ ಮಾಡುತ್ತಿದ್ದ ಜಾಗದಲ್ಲಿ ಕಲ್ಲೊಂದು ಗಾಡಿಯ ಕೆಳಗೆ ಬಡಿಯಿತು. ಸ್ವಲ್ಪದರಲ್ಲೇ ಎಂಜಿನ್ನಿನ ಎಣ್ಣೆ ಕಡಿಮೆಯಾಯಿತೆಂದು ಎಚ್ಚರಿಸುವ ಕೆಂಪು ದೀಪ ಹತ್ತಿತು. ತಕ್ಷಣ ಎಂಜಿನ್ ನಿಲ್ಲಿಸಬೇಕೆಂದು ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತಿತ್ತು? ಆದರೆ ನಿಲ್ಲಿಸಿದರೆ ತಪ್ಪು ಒಪ್ಪಿಕೊಂಡಂತೆ. ಮುಂದಿನ ತಿರುವಿಗೆ ನಿಲ್ಲಿಸುತ್ತೇನೆ ಅಂದುಕೊಳ್ಳುತ್ತ ನಾಲ್ಕು ಕಿಲೋಮೀಟರ್ ಓಡಿಸಿದ. ಎಂಜಿನ್ ಒಳಗೆ ಟಕಟಕ ಬಡಿಯತೊಡಗಿದಾಗಲೇ ಕೀಲಿ ತಿರುಗಿಸಿದ್ದು.

ಹುಣ್ಣಿಮೆಯ ದಿನ ಕಳೆದದ್ದು, ಗಾಡಿಯನ್ನು ಎಳೆಸಿಕೊಂಡು ಬಂದ ಬುಟವಲ್ ಪೇಟೆಯ ಒಂದು ವರ್ಕ್‌ಶಾಪಿನಲ್ಲಿ. ಹಬ್ಬದ ಗದ್ದಲದಲ್ಲಿ ಲುಂಬಿನಿಗೆ ಬೇರೆ ಗಾಡಿ ಸಿಗಲಿಲ್ಲ. ಆ ದಿನಕ್ಕೆಂದೇ ತಂದಿದ್ದ ಬಿಳಿ ಸೀರೆ ಉಟ್ಟು ಪದ್ಮವ್ವ ಹಳೆಯ ಟೈರಿನ ಮೇಲೆ ಕೂತಿದ್ದಳು.

"ಲುಂಬಿನಿ ಯಾವ ದಿಕ್ಕಿಗೈತಿ, ತಮ್ಮಾ?"

ವಿಠ್ಠಲ ಕೈ ತೋರಿಸಿದ. ಆ ಕಡೆ ತಿರುಗಿ ಅವಳು ಕೈಮುಗಿದು 'ಬುದ್ಧಂ ಶರಣಂ ಗಚ್ಛಾಮಿ' ಎಂದು ತ್ರಿಶರಣ ಹೇಳಿಕೊಂಡಳು. ಗಾಡಿ ಸಿದ್ಧವಾದದ್ದು ಮೂರನೆಯ ದಿನ ಸಂಜೆ. ಪರವಾನಗಿ ಮುಗಿಯುವುದರಲ್ಲಿತ್ತು. ನೇರ ಗಡಿಗೆ ಬಂದರು.

ಹತ್ತರಗಿಯಲ್ಲಿ ದಾದೇಸಾಬರು ಎಂಜಿನ್ ಚಾಲೂ ಮಾಡಿ, ಕಿವಿಗೊಟ್ಟು ನಿಂತರು. ಅವರು ಏನಾದರೂ ಕೇಳುವ ಮೊದಲೇ ಪದ್ಮವ್ವ, "ಗುಡ್ಡ ನೋಡೂಣು ಅಂತ ನಾನ ಹಟಾ ಹಿಡದೆ ಸಾಬ್ರ. ತಪ್ಪು ನಂದೈತಿ," ಎಂದಳು. ವಿಠ್ಠಲ ತಲೆ ತಗ್ಗಿಸಿ ನಿಂತ.

"ಇರ್ಲಿ ಬಿಡ್ರೆವ್ವಾ, ಎಲ್ಲಾರೂ ಆರಾಮ ಬಂದ್ರಲ್ಲ," ಎಂದರು ದಾದೇಸಾಬರು.

ಐದು ಭಾನುವಾರ ಅವನು ಹತ್ತರಗಿಯ ಕಡೆ ಹೋಗಲಿಲ್ಲ. ಆರನೆಯ ಭಾನುವಾರ ಹೋಗಿ ಎಲ್ಲ ಹೇಳಿದ.

"ದೀಪ ಹತ್ತಿದ ಮ್ಯಾಲ ಎಷ್ಟು ದೂರ ಓಡಿಸಿದ್ರಿ?"

"ನಾಕು ಕಿಲೋಮೀಟರ್ ರಿ."

ದಾದೇಸಾಬರು ಕೈ ಒರೆಸಿಕೊಂಡರು. "ಗೋಕಾಕ ಬಸ್ಸಿನ್ಯಾಗ ಕುಂತ್ರ ತಲಿ ತಿರಗತೈತಿ ಅನ್ನಾಕಿ ನಿಮ್ಮವ್ವ, ಗುಡ್ಡ ಹತ್ತೂಣು ಅಂತಾಳೇನ್ರಿ? ಎಂಜಿನ್ ಬಿಚ್ಚಿ ಕೂಡಸಬಹುದು ಮಾಸ್ತರ್ರ. ಆ ಹಿರ್ಯಾಕಿ ನಿಮ್ಮ ಸಲುವಾಗಿ ಸುಳ್ಳ ಹೇಳಾಕತ್ತಿದ್ರ, ನೀವು ಸುಮ್ಮನ ನಿಂತ್ರಿ. ಅದು ನನಗ ಭಾಳ ಬ್ಯಾಸರಾತು."

ಇಬ್ಬರೂ ಸೇರಿ ಎಂಜಿನ್ ಬಿಚ್ಚಿದರು. ಗಾಡಿ ಈಗ ಓಡುತ್ತದೆ. ಏರಿನಲ್ಲಿ ಮಾತ್ರ ಸಣ್ಣಗೆ ಬಡಿಯುತ್ತದೆ.

ಮರುವರ್ಷ ವಿಠ್ಠಲ ರೈಲಿನಲ್ಲಾದರೂ ಹೋಗೋಣವೆಂದ. ಪದ್ಮವ್ವನ ಮೊಣಕಾಲು ಒಪ್ಪಲಿಲ್ಲ. ಒಂದು ಸಂಜೆ ನಾಗನೂರಿನ ಓಣಿಯಲ್ಲಿ ಅವಳು ನೆರೆಮನೆಯ ಕಾಶೆವ್ವನಿಗೆ ಲುಂಬಿನಿಯ ಕೊಳ, ಮರ, ಕಂಬ ಎಲ್ಲವನ್ನೂ ಕಣ್ಣಾರೆ ಕಂಡಂತೆ ಬಣ್ಣಿಸುತ್ತಿದ್ದಳು. ವಿಠ್ಠಲನಿಗೆ ಕೇಳುತ್ತ ಕೂರಲಾಗಲಿಲ್ಲ.

"ಅವ್ವ ಲುಂಬಿನಿ ನೋಡಿಲ್ರಿ ಕಾಕೂ. ನಾನ ತಪ್ಪಿಸಿದೆ," ಎಂದುಬಿಟ್ಟ.

ಪದ್ಮವ್ವ ಎದ್ದು ಒಳಗೆ ಹೋದಳು. ಮಂದಿಯ ಮುಂದೆ ತನ್ನನ್ನು ಸುಳ್ಳಿ ಮಾಡಿದನೆಂದು ಎರಡು ದಿನ ಮಗನೊಡನೆ ಮಾತಾಡಲಿಲ್ಲ.