ಕೊನೆಯ ಹೆಸರು ಇಲ್ಲದವರು

ಕೆಟ್ಟು ನಿಂತ ಕ್ವೆರಿಯನ್ನು ನಾನು ಕ್ಷಮಿಸಬಲ್ಲೆ. ಕ್ವೆರಿ ಎಂದರೆ ದಾಖಲೆಗಳನ್ನು ಹೆಕ್ಕಿ ಕೊಡು ಎಂದು ಡೇಟಾಬೇಸಿಗೆ ನಾವು ಬರೆಯುವ ಅಪ್ಪಣೆ. ಕೆಟ್ಟರೆ ಅದು ಕೆಂಪಕ್ಷರದಲ್ಲಿ ಕಿರುಚುತ್ತದೆ, ನಾವೂ ಬೈದು ಸರಿಮಾಡುತ್ತೇವೆ. ನನಗೆ ಆಗದಿರುವುದು ಅರ್ಧ ಕೆಲಸ ಮಾಡಿ ‘ಯಶಸ್ವಿ’ ಎಂದು ಹಲ್ಲು ಕಿರಿಯುವ ಕ್ವೆರಿ. ಮದುವೆ ಊಟದಲ್ಲಿ ಪಂಕ್ತಿಯ ತುದಿ ಮುಟ್ಟದೆ ತಿರುಗಿಹೋದ ಪಲ್ಯದವನ ಹಾಗೆ. ಅವನಿಗೆ ಬಡಿಸಿದ ತೃಪ್ತಿ. ಕೊನೆಯ ಎಲೆಯವರು ಮಾತ್ರ ಉಪ್ಪನ್ನೇ ನೋಡುತ್ತ ಕೂತಿರುತ್ತಾರೆ.

ಕೆಲವು ತಿಂಗಳ ಹಿಂದೆ ಒಂದು ಸೋಮವಾರ, ನಮ್ಮ ವೈಟ್‌ಫೀಲ್ಡ್ ಆಫೀಸಿನ ಗೇಟಿನಲ್ಲಿ ಹಾಗೆ ನಿಂತಿದ್ದವರು ಮುನಿಯಮ್ಮ. ಪಟ್ಟಂದೂರು ಅಗ್ರಹಾರದವರು, ನಮ್ಮ ಮಹಡಿಯನ್ನು ಗುಡಿಸಿ ಒರೆಸುವವರು. ಗೇಟಿಗೆ ಕಾರ್ಡು ಓದುವ ಹೊಸ ಯಂತ್ರ ಬಂದಿತ್ತು; ಎಲ್ಲರ ದಾಖಲೆಗಳನ್ನು ಹಳೆಯದರಿಂದ ಅದಕ್ಕೆ ಸಾಗಿಸಿದವಳು ನಾನೇ. ನನ್ನ ಕಾರ್ಡಿಗೆ ಹಸಿರು ದೀಪ, ಅವರದಕ್ಕೆ ಕೆಂಪು. ಅವರ ಹಿಂದೆ ಇನ್ನೂ ಕೆಲವರು.

“ಕೆಲ್ಸದಿಂದ ತೆಗ್ದವ್ರಾ ಮೇಡಂ? ಯೋಳ್ಬುಡಿ, ಇಂಗೆ ನಿಲ್ಲಿಸ್ಬ್ಯಾಡಿ.”

“ಅಯ್ಯೋ ಇಲ್ಲ ಅಕ್ಕ, ಹತ್ತೇ ನಿಮಿಷ, ಸರಿ ಮಾಡ್ತೀನಿ,” ಎಂದೆ. ಈ ಊರಿನ ಹತ್ತು ನಿಮಿಷ ಎಷ್ಟು ಉದ್ದವೆಂದು ಮಾರತ್ತಹಳ್ಳಿಯ ಟ್ರಾಫಿಕ್ ದಾಟಿದವರಿಗೆಲ್ಲ ಗೊತ್ತು.

ಕುರ್ಚಿಯಲ್ಲಿ ಕೂರಲಾಗಲಿಲ್ಲ. ಕಾಫಿ ತಂದೆ, ಕುಡಿಯಲಿಲ್ಲ. ಕಿಟಕಿಯಿಂದ ಬಗ್ಗಿ ನೋಡಿದರೆ ಅವರು ಇನ್ನೂ ಅಲ್ಲೇ. ಕೊನೆಗೂ ಕಣ್ಣಿಗೆ ಬಿತ್ತು: ಬಿಟ್ಟುಹೋದವರೆಲ್ಲ ಕೊನೆಯ ಹೆಸರಿನ ಜಾಗವನ್ನು ಖಾಲಿ ಬಿಟ್ಟವರು. ನಾನು ಹಳೆಯ, ಹೊಸ ಯಂತ್ರಗಳ ಪಟ್ಟಿಗಳನ್ನು ಮೊದಲ ಹೆಸರು, ಕೊನೆಯ ಹೆಸರು ಎರಡನ್ನೂ ತಾಳೆ ನೋಡಿ ಜೋಡಿಸಿದ್ದೆ. ಆದರೆ ಡೇಟಾಬೇಸಿನ ನ್ಯಾಯದಲ್ಲಿ ಖಾಲಿಗೆ ಖಾಲಿ ಸಮವಲ್ಲ; ಹಾಗಾಗಿ ಅವರ ದಾಖಲೆಗಳು ತಾಳೆಯಾಗದೆ ಹಿಂದೆಯೇ ಉಳಿದಿದ್ದವು. ಶೂನ್ಯ, ಬಯಲು ಎಂದರೆ ಕೈಮುಗಿಯುವ ದಾವಣಗೆರೆಯ ವೀರಶೈವರ ಮನೆಯಲ್ಲಿ ಬೆಳೆದ ನನಗೆ ಇದು ಮೊದಲೇ ಹೊಳೆಯಬಾರದಿತ್ತೇ?

ಹೊಳೆಯದಿದ್ದುದಕ್ಕೂ ಕಾರಣವಿದೆ. ಕೆಲಸಕ್ಕೆ ಸೇರುವಾಗ ಆ ಜಾಗದಲ್ಲಿ ನಾನು ಅಪ್ಪನ ಹೆಸರು ತುಂಬಿದ್ದೆ. ವಿದೇಶದ ಸಹೋದ್ಯೋಗಿಗಳು ಇಂದಿಗೂ ನನಗೆ ‘ಪ್ರಿಯ ಚನ್ನಬಸಪ್ಪ’ ಎಂದೇ ಬರೆಯುತ್ತಾರೆ. ಮೀಸೆಯೊಂದು ಬಾಕಿ.

ಪಕ್ಕದ ಮೇಜಿನ ರಘು ಉಪಾಯ ಹೇಳಿದ: “ಆ ಖಾಲಿ ಜಾಗದಲ್ಲಿ ಎಲ್ರಿಗೂ ಒಂದೊಂದು ಚುಕ್ಕೆ ಹಾಕ್ಬಿಡು ಗುರು, ಮುಗೀತು.” ಇದು ಆಫೀಸುಗಳಲ್ಲಿ ನಡೆದುಬಂದ ಪದ್ಧತಿಯೇ, ನಮ್ಮ ಕಡೆಯ ಎಷ್ಟೋ ಜನರ ವಂಶಾವಳಿ ಒಂದು ಚುಕ್ಕೆಯಲ್ಲಿ ಮುಗಿದಿದೆ. ನನಗೆ ಯಾಕೋ ಸಿಟ್ಟು ಬಂತು. ಇಲ್ಲದ ಹೆಸರಿಗಾಗಿ ಮುನಿಯಮ್ಮ ಯಾಕೆ ಬದಲಾಗಬೇಕು? ಎರಡೂ ಕಡೆ ಖಾಲಿ ಇದ್ದರೆ ಒಂದೇ ಎಂದು ತಿಳಿ ಎಂದು ಕ್ವೆರಿಗೇ ಬುದ್ಧಿ ಹೇಳಿದೆ.

ಕೆಳಗೆ ಓಡಿದೆ. ಮುನಿಯಮ್ಮನ ಕಾರ್ಡಿಗೆ ಹಸಿರು ಬಂತು. ಅವರು ಮಾತ್ರ ಒಳಗೆ ಬರದೆ ಪಕ್ಕಕ್ಕೆ ಸರಿದು ನಿಂತರು.

“ಬನ್ನಿ ಅಕ್ಕ, ಆಯ್ತಲ್ಲ.”

“ತಡೀರಿ ಮೇಡಂ, ಇವ್ರೆಲ್ಲಾ ಬರ್ಲಿ. ನಿಮ್ ಮಿಸೀನು ಅರ್ಧಕ್ಕೇ ಸಾಕು ಅಂತದೆ.”

ಯಂತ್ರಕ್ಕೆ ಹಾಗೆ ಹೇಳಿಕೊಟ್ಟವರು ಯಾರೆಂದು ಅವರು ಕೇಳಲಿಲ್ಲ, ಈ ಚನ್ನಬಸಪ್ಪನೂ ಬಾಯಿಬಿಡಲಿಲ್ಲ. ಅಂದಿನಿಂದ ಪರದೆ ‘ಯಶಸ್ವಿ’ ಎಂದರೆ ನನಗೆ ಕೂತಲ್ಲಿ ಕೂರಲಾಗುವುದಿಲ್ಲ. ಕೆಳಗಿಳಿದು, ಪಂಕ್ತಿಯ ಕೊನೆಯ ಎಲೆ ನೋಡಿ ಬರುತ್ತೇನೆ.