ಠಣ್ಣೆನ್ನುವ ಟೈರು

ಟೈರಿನಂಗಡಿಗೆ ಕಾಲಿಟ್ಟರೆ ಹೊಸ ರಬ್ಬರಿನ ವಾಸನೆ ಮೂಗಿಗೆ ಬಡಿಯುತ್ತದೆ. ಅದರ ಬೆನ್ನಿಗೇ ನನಗೆ ಅನುಮಾನವೂ ಬರುತ್ತದೆ. ಮೊನ್ನೆ ಮಗಳ ಜೊತೆ ರಾಬರ್ಟ್‌ಸನ್‌ಪೇಟೆಗೆ ಹೋದಾಗಲೂ ಹಾಗೇ ಆಯಿತು. ಅಂಗಡಿಯವನು ನಮ್ಮ ಕಾರಿಗೆ ಒಂದು ಸುತ್ತು ಬಂದು, "ನಾಲ್ಕೂ ಓಯ್ತಕ್ಕಾ, ಬದ್ಲಾಯ್ಸಿ" ಎಂದ.

"ಗೆರೆ ಇನ್ನೂ ಇಷ್ಟು ಆಳ ಇದೆಯಲ್ಲಪ್ಪಾ?"

"ಗೆರೆ ಇದ್ರೆ ಏನಕ್ಕಾ, ವಯಸ್ಸಾಗ್ಲಿಲ್ವಾ?"

ವಯಸ್ಸಿನ ಮಾತೆತ್ತಿದರೆ ಯಾರಿಗೆ ತಾನೆ ಸಿಟ್ಟು ಬರುವುದಿಲ್ಲ, ನೀವೇ ಹೇಳಿ. ಯಜಮಾನರು ದಿನಾ ಬಂಗಾರಪೇಟೆಯಲ್ಲಿ ರೈಲು ಹತ್ತುವವರು. ನಮ್ಮ ಕಾರು ಹೊರಡುವುದು ಮದುವೆಮನೆಗೆ ಮಾತ್ರ. ಓಡದ ಟೈರು ಹಾಳಾಗುವುದೆಂದರೇನು? ಇವನು ವ್ಯಾಪಾರಕ್ಕೆ ಹೇಳುತ್ತಿದ್ದಾನೆ ಎಂದುಕೊಂಡೆ. ಆದರೆ ಸೋಮವಾರದಿಂದ ಮಗಳು ಅದೇ ಕಾರಿನಲ್ಲಿ, ಒಬ್ಬಳೇ, ಕೋಲಾರಕ್ಕೆ ಕೆಲಸಕ್ಕೆ ಹೋಗಿಬರಬೇಕು. ಡಿಕ್ಕಿಯಿಂದ ಮಾವನವರ ಕೋಲು ತೆಗೆದೆ.

ಈ ಕೋಲಿನ ವಿಷಯ ಹೇಳಬೇಕು. ನಮ್ಮ ಮಾವನವರು ಚಾಂಪಿಯನ್ ರೀಫ್ಸ್‌ನಲ್ಲಿ ಚಿನ್ನದ ಗಣಿಯೊಳಗೆ ದುಡಿದವರು. ಅಲ್ಲಿ ಕೆಲಸಕ್ಕೆ ಕೈಹಾಕುವ ಮುನ್ನ ತಲೆಯ ಮೇಲಿನ ಬಂಡೆಯನ್ನು ಸಲಾಕೆಯಿಂದ ಬಡಿದು ನೋಡಬೇಕಂತೆ. ಠಣ್ ಎಂದರೆ ಗಟ್ಟಿ. ಬದ್ ಎಂದರೆ ಸಡಿಲ, ಓಡು! ಗಣಿ ಮುಚ್ಚಿದ ಮೇಲೂ ಅವರ ಕೈ ಸುಮ್ಮನಾಗಲಿಲ್ಲ. ತೆಂಗಿನಕಾಯಿ, ಮಡಕೆ, ಬಾಗಿಲು, ಎಲ್ಲವನ್ನೂ ಈ ಕೋಲಿನಿಂದ ಬಡಿಯುತ್ತಿದ್ದರು. ಸೊಸೆಯಾಗಿ ಬಂದ ನನ್ನನ್ನೊಂದು ಬಿಟ್ಟರು.

ಆಗ ನಮ್ಮಲ್ಲಿದ್ದ ಹಳೆಯ ಕಾರಿನ ಟೈರುಗಳನ್ನು ಅವರು ಹಸುಗಳಂತೆ ನೋಡಿಕೊಂಡರು. ಬಿಸಿಲಿಗೆ ಗೋಣಿಚೀಲ ಹೊದಿಸುವುದು, ಬೆಳಿಗ್ಗೆ ಟೈರು ತಣ್ಣಗಿರುವಾಗಲೇ ಗಾಳಿ ನೋಡುವುದು. ಪಂಕ್ಚರಿಗೆ ಬಿಟ್ಟಾಗ ಯಾರಾದರೂ ಬದಲಾಯಿಸಿಯಾರೆಂದು ಒಳಬದಿಗೆ ಒಂದೊಂದು ಕೆಂಪು ಚುಕ್ಕಿ. ಹಾಗಿದ್ದೂ ಹೊಸದಾಗಿ ತಂದ ಸ್ಟೆಪ್ನಿಯನ್ನು ಮಾತ್ರ ಅವರು ನಂಬಲಿಲ್ಲ. "ಬದ್ ಅಂತದೆ ಕಣಮ್ಮಾ. ಮೋಸ ಮಾಡವ್ನೆ" ಎನ್ನುತ್ತಿದ್ದರು.

ಒಂದು ದಿನ ಬಂಗಾರಪೇಟೆಯ ರೈಲ್ವೆ ಗೇಟಿನ ಹತ್ತಿರ ಮುಂದಿನ ಟೈರು ಸಿಡಿಯಿತು. ಮಗಳು ಆಗ ನನ್ನ ಮಡಿಲಲ್ಲಿ. ಗೇಟು ಹಾಕುತ್ತಿದ್ದರೆಂದು ಯಜಮಾನರು ನಿಧಾನ ಮಾಡಿದ್ದರು, ಬದುಕಿದೆವು. ಮಾವನವರು ಇಳಿದವರೇ, "ಆ ಪಂಕ್ಚರ್‌ನೋನು ಬದ್ಲಾಯ್ಸವ್ನೆ, ನೋಡ್ತಿರು!" ಎನ್ನುತ್ತ ಬಗ್ಗಿ ಚುಕ್ಕಿ ಹುಡುಕಿದರು.

ಚುಕ್ಕಿ ಇತ್ತು.

ಅವರು ಅಲ್ಲೇ ಕುಕ್ಕರುಗಾಲಲ್ಲಿ ಕೂತುಬಿಟ್ಟರು. "ಬೆಳಿಗ್ಗೆ ಕೂಡ ಠಣ್ ಅಂದಿತ್ತಲ್ಲಮ್ಮಾ..." ಆಮೇಲೆ ಮಿಕ್ಕ ಮೂರನ್ನೂ ಕೋಲಿನಿಂದ ಬಡಿದರು: ಠಣ್, ಠಣ್, ಠಣ್. ಹತ್ತಿರದಿಂದ ನೋಡಿದರೆ ಪಕ್ಕದ ರಬ್ಬರೆಲ್ಲ ಒಡೆದ ಹಿಮ್ಮಡಿಯಂತೆ ಬಿರುಕು. ಸ್ಟೆಪ್ನಿಯನ್ನು ಬಡಿದರು: ಬದ್. ಉಗುರಿನಿಂದ ಒತ್ತಿದರು, ಮೆತ್ತಗಿತ್ತು. "ಬಂಡೆ ಗಟ್ಟಿ ಇರ್ಬೇಕು. ರಬ್ಬರು ಗಟ್ಟಿಯಾದ್ರೆ ಸತ್ತಂಗೆ. ನಾನು ಉಲ್ಟಾ ಕೇಳ್ತಾ ಇದ್ದೆ" ಎಂದರು. ಅಂದು ನಮ್ಮನ್ನು ಮನೆ ಮುಟ್ಟಿಸಿದ್ದು ಅವರು ನಂಬದಿದ್ದ ಆ ಸ್ಟೆಪ್ನಿಯೇ.

ಇಷ್ಟೆಲ್ಲ ಕಂಡವಳು ಮೊನ್ನೆ ಅಂಗಡಿಯ ಮುಂದೆ ಕೋಲಿನಿಂದ ಬಡಿದೆ. ಠಣ್. ಇಂಪಾಗಿತ್ತು; ಅದಕ್ಕೇ ನಂಬಲಿಲ್ಲ. ಸೀರೆ ಒತ್ತರಿಸಿಕೊಂಡು ಕೂತು ನೋಡಿದೆ. ಬಿರುಕು. ಟೈರಿನ ಪಕ್ಕದಲ್ಲಿ ಅದು ತಯಾರಾದ ವಾರ, ವರ್ಷ ಅಚ್ಚಾಗಿರುತ್ತದೆ; ಓಡಲಿ ಬಿಡಲಿ, ಐದಾರು ವರ್ಷವಾದರೆ ಅನುಮಾನಿಸಬೇಕು. ನಮ್ಮದು ಅದನ್ನೂ ದಾಟಿತ್ತು.

"ಹಾಕಪ್ಪಾ ಹೊಸದು. ವರ್ಷ ತೋರಿಸಿ ಹಾಕು" ಎಂದೆ.

ಹಾಕಿದ. ನಾಲ್ಕನ್ನೂ ಬಡಿದೆ, ನಾಲ್ಕೂ ಬದ್ ಎಂದವು. ಮಗಳ ಬ್ಯಾಗಿನಿಂದ ಉಗುರುಬಣ್ಣ ತೆಗೆದು ಒಳಬದಿಗೆ ಒಂದೊಂದು ಚುಕ್ಕಿ ಇಟ್ಟೆ. ಅಂಗಡಿಯವನ ಮುಖ ಸಣ್ಣದಾಯಿತು. "ನನ್ ಮ್ಯಾಲೆ ಅನುಮಾನಾನಾ ಅಕ್ಕಾ?"

"ನಿನ್ನ ಮೇಲಲ್ಲಪ್ಪಾ. ಮುಂದೆ ನೀನು ಓಯ್ತು ಅಂದಾಗ, ಇವು ನಮ್ಮವಲ್ಲ, ಯಾರೋ ಬದಲಾಯಿಸಿದ್ದಾರೆ ಅಂತ ನಾನು ಜಗಳಕ್ಕೆ ಬರ್ತೀನಿ. ಆಗ ಈ ಚುಕ್ಕಿ ತೋರಿಸು."

ಸೋಮವಾರ ಮಗಳು ಕಾರಿನಲ್ಲಿ ಮನೆಯ ಗೇಟು ದಾಟುವಾಗ ಕಿವಿಗೊಟ್ಟು ನಿಂತೆ. ಟೈರುಗಳ ಸದ್ದೇ ಇರಲಿಲ್ಲ. ಒಳಗೆ ಬಂದು ಒಲೆ ಹಚ್ಚಿದೆ.